ಕೀಬೋರ್ಡು ಮತ್ತು ಶವಪೆಟ್ಟಿಗೆ

ಇಗರ್ಜಿಯ ಕೀಬೋರ್ಡಿಗೆ ತನ್ನೊಳಗಿನ ನೂರು ವಾದ್ಯಗಳ ದನಿಯ ಮೇಲೆ ಬಲು ಜಂಬ. ಯಾವ ಪೂಜೆಯಾದರೂ ಸರಿ, ಜನ ತಲೆದೂಗುವ ಹಾಡೇ ಅದರ ಆಯ್ಕೆ. ಒಂದು ಬೆಳಿಗ್ಗೆ ಮುದುಕ ಲಾದ್ರುವಿನ ಶವಪೆಟ್ಟಿಗೆಯನ್ನು ತಂದು ಬಲಿಪೀಠದ ಮುಂದೆ ಇಟ್ಟರು. ಕೀಬೋರ್ಡು ಆಗಲೂ ಹಬ್ಬದ ಹಾಡನ್ನೇ ಎತ್ತಿಕೊಂಡಿತು. ಜನರ ಕಾಲುಗಳು ತಾಳ ಹಾಕಿದವು. ಲಾದ್ರುವಿನ ಹೆಂಡತಿ ಸೆರಾಫಿನಾ ಮಾತ್ರ ಬಾಯಿ ತೆರೆದು, ಹಾಡಲಾಗದೆ ಮುಚ್ಚಿಕೊಂಡಳು.

"ಸ್ವಲ್ಪ ನಿಲ್ಲಿಸು," ಎಂದಿತು ಶವಪೆಟ್ಟಿಗೆ. "ಯಾರಿಗಾಗಿ ನುಡಿಸುತ್ತಿದ್ದೀ?"

"ದೇವರಿಗಾಗಿ."

"ಮತ್ತೆ ಜನರ ಮುಖ ಯಾಕೆ ನೋಡುತ್ತೀ? ನನ್ನೊಳಗಿರುವವನು ಆಗಿನಿಂದ ಕಾಯುತ್ತಿದ್ದಾನೆ. ಅವನಿಗೆ ಹೊರಡಲು ದಾರಿಯಾಗುವಂಥ ಹಾಡು ಬೇಕಂತೆ."

"ಸತ್ತವರಿಗೆ ಕಿವಿಯುಂಟೇ?" ಎಂದು ನಕ್ಕು ಕೀಬೋರ್ಡು ದನಿ ಏರಿಸಿತು.

ಶವಪೆಟ್ಟಿಗೆಯ ಒಳಗಿನಿಂದ ಯಾರೋ ಮೆಲ್ಲನೆ ಮುಚ್ಚಳ ಬಡಿದರು. ಮೇಣದ ಬತ್ತಿಗಳ ಉರಿಯೆಲ್ಲ ಒಮ್ಮೆಗೇ ಬಾಗಿತು. ಕೀಬೋರ್ಡಿನ ಸದ್ದಡಗಿತು.

ಆ ಮೌನದಲ್ಲಿ ಸೆರಾಫಿನಾ, ದಿನವೂ ಸಂಜೆ ಗಂಡನೊಡನೆ ಹೇಳುತ್ತಿದ್ದ ಪ್ರಾರ್ಥನೆಯ ಹಾಡನ್ನು ಒಬ್ಬಳೇ ಎತ್ತಿದಳು. ಕೇಳಿಸಿದ್ದು ಎರಡು ದನಿ. ಕೀಬೋರ್ಡು ತನ್ನ ನೂರು ದನಿಗಳನ್ನೂ ತಡಕಿ ನೋಡಿತು. ಎರಡನೆಯದು ಅದರಲ್ಲಿ ಇರಲಿಲ್ಲ.