ನಲವತ್ತು ನಿಮಿಷದ ವಿಡಿಯೊ

ಹೊಳೆಯ ದಂಡೆಯ ಮಠದಲ್ಲಿ ಒಂದು ಹಳೆಯ ಡೀಸೆಲ್ ಎಂಜಿನ್ ಇತ್ತು. ಅಡುಗೆಮನೆಗೆ ನೀರು ಅದರಿಂದಲೇ ಬರಬೇಕು.

ಅದು ಕೆಟ್ಟು ನಿಂತಾಗ ಏನು ಮಾಡಬೇಕೆಂದು ಹಿಂದಿನ ಮೇಸ್ತ್ರಿಯೊಬ್ಬ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ. ಅದು ಎಂಜಿನ್ ಮನೆಯ ಮೊಳೆಗೆ ತೂಗುತ್ತಿತ್ತು.

ಶಿಷ್ಯ ನಿರುಪಾದಿ ಅದನ್ನು ತಂದು ಗುರುಗಳ ಮುಂದಿಟ್ಟ.

“ಅಜ್ಜಾರ, ಇದು ಇನ್ನ ಬ್ಯಾಡ್ರಿ. ಈಗಿನ ಮೇಸ್ತ್ರಿನ್ನ ಕರೆಸಿ ಎಲ್ಲಾ ವಿಡಿಯೊ ಮಾಡೀನಿ. ನಲವತ್ತು ನಿಮಿಷ ಐತ್ರಿ. ನೋಡಿದ್ರ ಸಾಕು, ಓದೂದ ಬ್ಯಾಡ.”

“ನಲವತ್ತು ನಿಮಿಷಾನೂ ಎಂಜಿನ್ ಐತೇನು?”

“ಮೊದಲ ಸ್ವಲ್ಪ ಪ್ರಾರ್ಥನಾ ಐತ್ರಿ. ಆಮ್ಯಾಲೆ ನಾ ಮಾತಾಡೀನಿ.”

ಗುರುಗಳು ನೋಟ್‌ಬುಕ್ ತೆಗೆದುಕೊಂಡರು.

ಮರುದಿನ ಹುಣ್ಣಿಮೆ. ಇನ್ನೂರು ಜನ ಊಟಕ್ಕೆ ಬರುವವರಿದ್ದರು. ಬೆಳಿಗ್ಗೆ ಡೀಸೆಲ್ ಮುಗಿದು ಎಂಜಿನ್ ನಿಂತಿತು. ಅಡುಗೆಯ ಸಾವಂತ್ರವ್ವ ಡೀಸೆಲ್ ತುಂಬಿ ಹ್ಯಾಂಡಲ್ ತಿರುಗಿಸಿದಳು. ಎಂಜಿನ್ ಶುರುವಾಗಲಿಲ್ಲ. ಡೀಸೆಲ್ ಪೈಪಿನೊಳಗೆ ಗಾಳಿ ಸೇರಿಕೊಂಡಿತ್ತು.

ನಿರುಪಾದಿ ಫೋನನ್ನು ಅವಳ ಕೈಗೆ ಕೊಟ್ಟ. “ಗಾಳಿ ತೆಗೆಯೂದು ಇದರಾಗ ಐತಿ, ನೋಡಬೇ.”

ಸಾವಂತ್ರವ್ವ ಸ್ವಲ್ಪ ಹೊತ್ತು ನೋಡಿದಳು.

“ಎಪ್ಪಾ, ನೀ ಇದರಾಗ ಇನ್ನೂ ಕೈ ಮುಗದು ನಿಂತೀದಿ.”

“ಮುಂದ ಓಡಸು.”

ಅವಳು ಎಣ್ಣೆಗೈಯಿಂದ ತಳ್ಳಿದಳು. ವಿಡಿಯೊ ಕೊನೆಗೆ ಹೋಗಿ ನಿಂತಿತು. ಹಿಂದಕ್ಕೆ ಎಳೆದಳು. ಮತ್ತೆ ಪ್ರಾರ್ಥನೆ ಶುರುವಾಯಿತು.

“ಒಲಿ ಮ್ಯಾಲಿನ ಬ್ಯಾಳಿ ತಳ ಹಿಡಿಯಾಕ ಹತ್ತೇತಿ. ಯಾವ ಸ್ಕ್ರೂ ಅಂತ ನೀನ ಹೇಳಿಬಿಡು.”

ನಿರುಪಾದಿ ಎಂಜಿನ್ ಕಡೆ ನೋಡಿದ. ಸ್ಕ್ರೂಗಳು ಬಹಳ ಇದ್ದವು.

ಅವನು ಗುರುಗಳ ಹತ್ತಿರ ಓಡಿದ.

“ಅಜ್ಜಾರ, ಆ ನೋಟ್‌ಬುಕ್ ಎಲ್ಲೈತ್ರಿ?”

“ಹೇಳತೀನಿ, ಕುಂದರು,” ಎಂದರು ಗುರುಗಳು. “ನಿನ್ನಿ ನಸುಕಿನ್ಯಾಗ ಎದ್ದೆ. ಎದ್ದು ಹೊಳಿಗೆ ಹೋದೆ. ನೀರು ತಣ್ಣಗಿತ್ತು.”

“ಅಜ್ಜಾರ, ನೋಟ್‌ಬುಕ್...”

“ಅದೂ ಬರತೈತಿ. ಮೂರು ಸಲ ಮುಳುಗಿದೆ. ದಂಡ್ಯಾಗ ಒಂದು ಎಮ್ಮಿ ನಿಂತಿತ್ತು.”

“ಎಮ್ಮಿ ಬ್ಯಾಡ್ರಿ. ಎಲ್ಲಿಟ್ಟೀರಿ, ಅಷ್ಟ ಹೇಳ್ರಿ.”

“ನಡುವ ಬಾಯಿ ಹಾಕಿದಿ, ನೋಡು, ತಪ್ಪಿಹೋತು.” ಗುರುಗಳು ಕಣ್ಣು ಮುಚ್ಚಿಕೊಂಡರು. “ನಿನ್ನಿ ನಸುಕಿನ್ಯಾಗ ಎದ್ದೆ.”

ಕೆಳಗಿನ ಎಂಜಿನ್ ಮನೆಯಿಂದ ಸಾವಂತ್ರವ್ವ ಕೂಗುತ್ತಿದ್ದಳು. ನಿರುಪಾದಿ ತುಟಿ ಕಚ್ಚಿ ಕುಳಿತ. ಗುರುಗಳ ಮಾತಿನಲ್ಲಿ ಎಮ್ಮೆ ಬಂತು. ಎಮ್ಮೆಯ ಒಡೆಯ ಬಂದ. ಅವನ ಮಗಳ ಬಾಣಂತನ ಬಂತು. ಕೊನೆಗೆ ಗುರುಗಳು ಕುಳಿತ ಚಾಪೆಯ ಕೆಳಗೆ ನೋಟ್‌ಬುಕ್ ಬಂತು.

ನಿರುಪಾದಿ ಅದನ್ನು ಎಳೆದುಕೊಂಡು ಓಡಿದ.

ಏಳನೆಯ ಸಾಲಿನಲ್ಲಿತ್ತು: ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸು, ಗುಳ್ಳೆ ನಿಲ್ಲುವ ತನಕ ಕೈಪಂಪು ಒತ್ತು, ಬಿಗಿ ಮಾಡು.

“ಎಷ್ಟು ಸಡಿಲ?” ಎಂದಳು ಸಾವಂತ್ರವ್ವ.

ಅದನ್ನು ಬರೆದಿರಲಿಲ್ಲ. ನಿರುಪಾದಿ ತನಗೆ ತಿಳಿದಷ್ಟು ತಿರುಗಿಸಿದ. ಸ್ಕ್ರೂ ಕಿತ್ತು ಕೈಗೆ ಬಂತು. ಡೀಸೆಲ್ ಅವನ ಮುಖಕ್ಕೆ ಹಾರಿತು.

ಸ್ಕ್ರೂ ಮತ್ತೆ ಕೂರಿಸಿ, ಗುಳ್ಳೆ ನಿಲ್ಲುವ ತನಕ ಪಂಪು ಒತ್ತಿ ಬಿಗಿ ಮಾಡಿದ. ಮೂರನೆಯ ಸಲ ಹ್ಯಾಂಡಲ್ ತಿರುಗಿಸಿದಾಗ ಎಂಜಿನ್ ಗುಡುಗಿತು. ನೀರು ಮೇಲೇರಿತು. ಬೇಳೆ ಉಳಿಯಿತು.

ನಿರುಪಾದಿ ಡೀಸೆಲ್ ಮೆತ್ತಿದ ಮುಖದಲ್ಲೇ ಬಂದು ಗುರುಗಳ ಮುಂದೆ ನಿಂತ.

“ತಪ್ಪಾತ್ರಿ. ಆ ವಿಡಿಯೊ ಅಳಿಸಿಬಿಡತೀನಿ.”

“ಸ್ಕ್ರೂ ಎಷ್ಟು ಸಡಿಲಿಸಬೇಕಂತ ನೋಟ್‌ಬುಕ್ಕಿನ್ಯಾಗ ಐತೇನು?”

“ಇಲ್ರಿ.”

“ಮೇಸ್ತ್ರಿ ಸಡಿಲಿಸಿದ್ದು ವಿಡಿಯೊದಾಗ ಐತೇನು?”

“ಐತ್ರಿ.”

“ಅಷ್ಟ ಇಟ್ಕೋ.”

ನಿರುಪಾದಿ ಬೆರಳು ಒರೆಸಿಕೊಂಡು ಅಲ್ಲೇ ಕುಳಿತು ಫೋನಿನಲ್ಲಿ ವಿಡಿಯೊ ಕತ್ತರಿಸತೊಡಗಿದ. ಪ್ರಾರ್ಥನೆ ಹೋಯಿತು. ಅವನು ಹೇಳಿದ್ದ ಎಂಜಿನ್ ಹುಟ್ಟಿದ ಚರಿತ್ರೆ ಹೋಯಿತು. ಹನ್ನೊಂದು ಸೆಕೆಂಡು ಉಳಿಯಿತು.

ಅದನ್ನು ಅವನು ಎರಡು ಸಲ ನೋಡಿದ.

“ಅಜ್ಜಾರ, ಇದರಾಗ ಬರೇ ಮೇಸ್ತ್ರಿಯ ಹೆಬ್ಬೆರಳು ಐತ್ರಿ. ನನ್ನ ಮುಖ ಎಲ್ಲೂ ಕಾಣೂದ ಇಲ್ಲ.”

ಗುರುಗಳು ಅವನ ಮುಖವನ್ನು ನೋಡಿದರು.

“ನೀರು ಬಂದೈತಿ,” ಎಂದರು. “ಹೋಗಿ ತೊಳಕೋ.”