ದೇವರ ಪಟದ ಕೆಳಗಿದ್ದ ಕೆಲಸ

ಹೊಂಗೆಕಟ್ಟೆ ಎಂಬ ಊರಿನ ಬಸ್ ನಿಲ್ದಾಣದಲ್ಲಿ ಒಂದು ಬೋರ್ಡು ಇತ್ತು. ಬೋರ್ಡು ಎಂದರೆ ಊರಿನ ಹೆಸರು ಬರೆದ ಬೋರ್ಡು ಅಲ್ಲ, ಸುದ್ದಿ ಅಂಟಿಸುವ ಮರದ ಹಲಗೆ. ಊರಿನಲ್ಲಿ ನಡೆಯುವುದೆಲ್ಲ ಅದರ ಮೇಲೆ ಬರುತ್ತಿತ್ತು. ಕಬಡ್ಡಿ ಪಂದ್ಯ, ಕಣ್ಣಿನ ತಪಾಸಣೆ, ಕುರಿಗಳಿಗೆ ಜಂತುಹುಳದ ಔಷಧಿ ಕುಡಿಸುವ ಶಿಬಿರ, ಯಾರದೋ ಹುಟ್ಟುಹಬ್ಬ. ಅಪರೂಪಕ್ಕೊಮ್ಮೆ, ಇಂಥ ಕೆಲಸ ಖಾಲಿ ಇದೆ ಎಂಬ ಸುದ್ದಿಯೂ ಬರುತ್ತಿತ್ತು. ಅಪರೂಪಕ್ಕೆ ಎಂದು ಯಾಕೆ ಹೇಳಿದೆನೆಂದರೆ, ಹೊಂಗೆಕಟ್ಟೆ ಚಿಕ್ಕ ಊರು. ಅಲ್ಲಿ ಸಂಬಳದ ಕೆಲಸಗಳೇ ಕಡಿಮೆ. ಒಬ್ಬರು ನಿವೃತ್ತರಾದರೆ ಮಾತ್ರ ಇನ್ನೊಬ್ಬರಿಗೆ ಜಾಗ.

ಆ ಊರಿನ ಒಂದು ಪದ್ಧತಿಯನ್ನು ಇಲ್ಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ದೇವರ ಪಟವಿರುವ ಕಾಗದವನ್ನು ಹೊಂಗೆಕಟ್ಟೆಯಲ್ಲಿ ಯಾರೂ ಹರಿಯುತ್ತಿರಲಿಲ್ಲ, ತುಳಿಯುತ್ತಿರಲಿಲ್ಲ, ಅದರ ಮೇಲೆ ಇನ್ನೊಂದನ್ನು ಅಂಟಿಸುತ್ತಿರಲಿಲ್ಲ. ಹಳೆಯ ಕ್ಯಾಲೆಂಡರನ್ನು ಕೂಡ ಕಸಕ್ಕೆ ಹಾಕದೆ ಅರಳಿಮರದ ಕೊಂಬೆಗೆ ಸಿಕ್ಕಿಸಿ ಬರುತ್ತಿದ್ದರು. ಇದು ಒಳ್ಳೆಯ ಪದ್ಧತಿಯೇ. ಇದರಲ್ಲಿ ತಪ್ಪೇನೂ ಇಲ್ಲ. ತಪ್ಪು ಆಮೇಲೆ ಶುರುವಾಯಿತು.

ಊರಿನಲ್ಲಿ ಕೆಂಪರಾಜು ಎಂಬ ಯುವಕನಿದ್ದ. ಅವನು ಅಲ್ಲಿನ ಗೆಳೆಯರ ಬಳಗದ ನಾಯಕ. ಕೆಟ್ಟವನಲ್ಲ, ಚುರುಕಿನವನು. ಒಂದು ವರ್ಷ ಅವನ ಕಬಡ್ಡಿ ಪಂದ್ಯದ ಪೋಸ್ಟರಿನ ಮೇಲೆ ಬೋರ್‌ವೆಲ್ ಕೊರೆಯುವವರು ತಮ್ಮ ಜಾಹೀರಾತು ಅಂಟಿಸಿಬಿಟ್ಟರು. ಪಂದ್ಯದ ದಿನ ಆಡುವವರಿಗಿಂತ ನೋಡುವವರು ಕಡಿಮೆ ಬಂದರು. ಕೆಂಪರಾಜುವಿನ ತಲೆ ಓಡಿತು. ಮುಂದಿನ ಪೋಸ್ಟರಿನ ಮೂಲೆಯಲ್ಲಿ ಒಬ್ಬ ಆಂಜನೇಯನನ್ನು ಅಚ್ಚು ಹಾಕಿಸಿದ. ಅಷ್ಟೇ. ಆ ಪೋಸ್ಟರನ್ನು ಯಾರೂ ಮುಟ್ಟಲಿಲ್ಲ.

ಒಬ್ಬ ಕಂಡುಹಿಡಿದದ್ದನ್ನು ಉಳಿದವರು ಬಿಡುತ್ತಾರೆಯೇ? ಬೋರ್‌ವೆಲ್‌ನವರು ಗಂಗಮ್ಮನನ್ನು ಹಾಕಿಸಿದರು. ಕುರಿ ಔಷಧಿಯ ಶಿಬಿರಕ್ಕೆ ಕುರಿ ಕಾಯುವವರ ದೇವರು ಬೀರಪ್ಪ ಬಂದ. ಕೋಳಿ ಅಂಗಡಿಯವನು ಯಾವ ದೇವರು ಹೊಂದುತ್ತಾರೆಂದು ತಿಳಿಯದೆ ಮೂವರನ್ನು ಒಟ್ಟಿಗೆ ಹಾಕಿಸಿದ. ಮುಗಿದು ಎಷ್ಟೋ ಕಾಲವಾದ ಕಾರ್ಯಕ್ರಮಗಳ ಪೋಸ್ಟರುಗಳೂ ಹಾಗೇ ಉಳಿದವು. ತೆಗೆಯುವವರು ಯಾರು? ಬಸ್ಸಿಗೆ ಕಾಯುವ ಅಜ್ಜಿಯರು ಬೋರ್ಡಿಗೆ ಕೈಮುಗಿಯತೊಡಗಿದರು. ಬೋರ್ಡು ಇರುವುದು ಓದಲಿಕ್ಕೆ ಸ್ವಾಮಿ! ಇದನ್ನು ಯಾರಿಗೆ ಹೇಳುವುದು?

ಕೊನೆಗೆ ದೇವರಿಲ್ಲದ ಕಾಗದ ಒಂದೇ ಬಗೆಯದು ಉಳಿಯಿತು. ಅದು ಸರ್ಕಾರದ ಪ್ರಕಟಣೆ. ಬಿಳಿ ಹಾಳೆ, ಕಪ್ಪು ಅಕ್ಷರ, ಕೆಳಗೊಂದು ಸೀಲು. ಹಾಗಾಗಿ ಹೊಸ ಪೋಸ್ಟರು ತಂದವರೆಲ್ಲ ಬೋರ್ಡಿನ ಮೇಲೆ ಹುಡುಕುತ್ತಿದ್ದದ್ದು ಆ ಬಿಳಿ ಹಾಳೆಯನ್ನೇ. ಓದುವುದಕ್ಕಲ್ಲ, ಮುಚ್ಚುವುದಕ್ಕೆ.

ಈಗ ಕೆಂಪರಾಜುವಿನ ಅಕ್ಕನ ವಿಷಯಕ್ಕೆ ಬರೋಣ. ಅವಳ ಹೆಸರು ಯಶೋದ. ಗಂಡ ಲಾರಿ ಓಡಿಸುತ್ತಿದ್ದ, ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಆದ್ದರಿಂದ ಅವಳು ಮಗಳನ್ನು ಕರೆದುಕೊಂಡು ತವರಿನಲ್ಲೇ ಇದ್ದಳು. ಪೇಟೆಯ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದಳು. ಕಾರ್ಖಾನೆಯ ವ್ಯಾನು ನಸುಕಿನಲ್ಲೇ ಬಸ್ ನಿಲ್ದಾಣಕ್ಕೆ ಬಂದು ಕರೆದೊಯ್ಯುತ್ತಿತ್ತು. ಅವಳು ಹೊರಡುವಾಗ ಮಗಳು ಇಂಚರ ಮಲಗಿರುತ್ತಿದ್ದಳು. ಅವಳು ಬರುವಾಗಲೂ ಮಲಗಿರುತ್ತಿದ್ದಳು. ನಡುವಿನ ಹೊತ್ತು ಪಕ್ಕದ ಮನೆಯ ದೊಡ್ಡತಾಯಮ್ಮ ಎಂಬ ಅಜ್ಜಿ ನೋಡಿಕೊಳ್ಳುತ್ತಿದ್ದಳು. ಒಂದು ದಿನ ಇಂಚರ ಅಜ್ಜಿಯನ್ನೇ ಅವ್ವ ಎಂದು ಕರೆದಳು. ಅಜ್ಜಿ ಅದನ್ನು ತಮಾಷೆಯಾಗಿ ಹೇಳಿದಳು. ಯಶೋದ ನಗಲಿಲ್ಲ.

ಊರಿನ ಅಂಗನವಾಡಿಯ ಸಹಾಯಕಿ ನಿವೃತ್ತಳಾಗುವವಳಿದ್ದಳು. ಸಹಾಯಕಿ ಎಂದರೆ ಟೀಚರ್ ಅಲ್ಲ. ಮಕ್ಕಳನ್ನು ಮನೆಯಿಂದ ಕರೆತರುವವಳು, ಅಡುಗೆ ಮಾಡಿ ಬಡಿಸುವವಳು. ಅದೇ ಊರಿನ ಹೆಂಗಸಿಗೇ ಆ ಕೆಲಸ. ಅದು ಸಿಕ್ಕರೆ ಯಶೋದ ಊರಲ್ಲೇ ಇರಬಹುದಿತ್ತು. ಮಗಳಿಗೆ ತನ್ನ ಕೈಯಾರೆ ಉಣ್ಣಿಸಬಹುದಿತ್ತು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ.

"ಬೋರ್ಡಿನ ಮೇಲೆ ಒಂದು ಕಣ್ಣಿಟ್ಟಿರು ಕೆಂಪ," ಎಂದು ತಮ್ಮನಿಗೆ ಹೇಳಿದ್ದಳು. "ನಾನು ಹೋಗೋವಾಗ್ಲೂ ಕತ್ತಲೆ, ಬರೋವಾಗ್ಲೂ ಕತ್ತಲೆ. ನನಗೆ ಕಾಣೋದಿಲ್ಲ."

"ನೀನು ಚಿಂತೆ ಬಿಡಕ್ಕ. ಆ ಬೋರ್ಡು ನನ್ನ ಮನೆ ಗೋಡೆ ಇದ್ದಂಗೆ," ಎಂದಿದ್ದ ಕೆಂಪರಾಜು.

ಒಂದು ಬೆಳಗ್ಗೆ ಪಂಚಾಯ್ತಿಯ ಮರಿಯಪ್ಪ ಸೈಕಲ್ಲಿನಲ್ಲಿ ಬಂದು ಬೋರ್ಡಿನಲ್ಲಿ ಉಳಿದಿದ್ದ ಒಂದೇ ಖಾಲಿ ಜಾಗದಲ್ಲಿ ಬಿಳಿ ಹಾಳೆಯೊಂದನ್ನು ಅಂಟಿಸಿ ಹೋದ. ಅಂಗನವಾಡಿ ಸಹಾಯಕಿ ಬೇಕಾಗಿದ್ದಾಳೆ ಎಂಬುದೇ ಅದರಲ್ಲಿದ್ದ ಸುದ್ದಿ. ಮಧ್ಯಾಹ್ನ ಕೆಂಪರಾಜು ಮೈದಾಹಿಟ್ಟಿನ ಗೋಂದಿನ ಬಕೆಟ್ಟು ಹಿಡಿದು ಬಂದ. ಕಬಡ್ಡಿ ಪಂದ್ಯ ಹತ್ತಿರವಾಗಿತ್ತು. ಬೋರ್ಡಿನ ತುಂಬ ದೇವರು. ಜಾಗ ಇದ್ದದ್ದು ಆ ಬಿಳಿ ಹಾಳೆಯ ಮೇಲೆ ಮಾತ್ರ.

"ಅದೇನೋ ಹೊಸದಾಗಿ ಅಂಟಿಸಿದಂಗಿದೆಯಲ್ಲೋ," ಎಂದ ಜೊತೆಗಿದ್ದ ಗೆಳೆಯ ಲೋಕಿ.

"ಗೌರ್ಮೆಂಟುದು ಕಣೋ. ಕಂದಾಯ ಕಟ್ಟಿ ಅಂತಿರುತ್ತೆ. ಬಳಿ ಗೋಂದು."

ಓದಲಿಲ್ಲ. ಓದಿದ್ದರೆ ಎಷ್ಟು ಹೊತ್ತು ಬೇಕಿತ್ತು? ಬಸ್ಸು ನಿಂತು ಹೊರಡುವಷ್ಟು ಹೊತ್ತು ಸಾಕಿತ್ತು.

ಅಂದು ಯಶೋದ ಮನೆಗೆ ಬಂದವಳು ಎಂದಿನಂತೆ ಕೇಳಿದಳು.

"ಏನಾದ್ರೂ ಬಂತಾ ಕೆಂಪ?"

"ಏನೂ ಇಲ್ಲಕ್ಕ. ಇವತ್ತು ಮಧ್ಯಾಹ್ನವೆಲ್ಲ ಬೋರ್ಡಿನ ಮುಂದೇನೇ ಇದ್ದೆ."

ಅವನು ಸುಳ್ಳು ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ಬೋರ್ಡಿನ ಮುಂದೆ ಇದ್ದದ್ದು ನಿಜ.

ಅಂಗನವಾಡಿ ಟೀಚರಾದರೂ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಟೀಚರ್ ಬೇರೆ ಊರಿನವರು. ಬೋರ್ಡಿಗೆ ಹಾಕಿದ್ದಾರೆ, ಎಲ್ಲರಿಗೂ ಗೊತ್ತಿರುತ್ತದೆ ಎಂದುಕೊಂಡರು. ಮರಿಯಪ್ಪನೂ ಹಾಗೆಯೇ ಅಂದುಕೊಂಡ. ಬೋರ್ಡು ಇರುವ ಊರಿನಲ್ಲಿ ಬಾಯಿಂದ ಹೇಳುವ ಅಭ್ಯಾಸ ತಪ್ಪಿಹೋಗುತ್ತದೆ.

ಭಾನುವಾರ ಕಬಡ್ಡಿ ಪಂದ್ಯ ನಡೆಯಿತು. ಜನ ಕಿಕ್ಕಿರಿದು ಸೇರಿದ್ದರು. ಕಾರ್ಖಾನೆಗೆ ರಜೆಯಾದ್ದರಿಂದ ಯಶೋದ ಮಗಳನ್ನು ಎತ್ತಿಕೊಂಡು ನೋಡಲು ಬಂದಿದ್ದಳು. ಮರಿಯಪ್ಪ ಕಡಲೆಕಾಯಿ ತಿನ್ನುತ್ತಾ ಹತ್ತಿರ ಬಂದ.

"ಏನಮ್ಮ ಯಶೋದ, ಅರ್ಜಿ ಹಾಕಿದ್ಯಾ?"

"ಯಾವ ಅರ್ಜಿ ಮರಿಯಪ್ಪಣ್ಣ?"

"ಯಾವುದು ಅಂತೀಯಲ್ಲಮ್ಮ! ಅಂಗನವಾಡೀದು. ಬೋರ್ಡಿಗೆ ಹಾಕಿ ಎಷ್ಟು ದಿನ ಆಯ್ತು!"

"ಕೊನೇ ದಿನ ಯಾವತ್ತು?"

"ಅದು ಆ ಹಾಳೇಲೇ ಇದೆ. ನಾನು ಎಷ್ಟು ಊರಿಗೆ ಅಂಟಿಸ್ತೀನಿ, ನೆನಪಿರುತ್ತಾ? ಬಾ, ನೋಡೋಣ."

ಬೋರ್ಡಿನ ಮುಂದೆ ಬಂದು ನೋಡಿದರೆ ಹಾಳೆ ಎಲ್ಲಿ? ಮರಿಯಪ್ಪ ಬೆರಳಿಟ್ಟು ತೋರಿಸಿದ. "ಇಲ್ಲೇ ಹಾಕಿದ್ದೆ. ಈ ಕಬಡ್ಡಿ ಬಂದು ಕೂತಿದೆಯಲ್ಲ, ಇದರ ಕೆಳಗೆ."

ಸುದ್ದಿ ಆಟದ ಬಯಲಿಗೆ ಹೋಯಿತು. ಕೆಂಪರಾಜು ಅಂಗಿಯನ್ನೂ ಹಾಕಿಕೊಳ್ಳದೆ, ಮೈಯೆಲ್ಲ ಮಣ್ಣಾಗಿ ಓಡಿಬಂದ. ಅವನ ಹಿಂದೆ ಜನವೂ ಬಂದರು.

"ಕಿತ್ತುಬಿಡು ಕೆಂಪ," ಎಂದಳು ಯಶೋದ. "ಕೊನೇ ದಿನ ನಾಳೆ ಇದ್ರೂ ಸಾಕು, ಬೆಳಗ್ಗೆ ಎದ್ದು ತಾಲ್ಲೂಕಿಗೆ ಓಡ್ತೀನಿ."

ಕೆಂಪರಾಜು ಕೈ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು.

"ಆಂಜನೇಯ ಇದ್ದಾನಲ್ಲಕ್ಕ..."

"ದೇವರ ಪಟ ಹರಿಯೋದು ಬೇಡಪ್ಪ," ಎಂದರು ಹಿಂದಿನಿಂದ ಯಾರೋ. "ಊರಿಗೆ ಒಳ್ಳೇದಲ್ಲ," ಎಂದ ಕೋಳಿ ಅಂಗಡಿಯವನು. ಅವನಿಗೆ ತನ್ನ ಮೂವರು ದೇವರ ಚಿಂತೆ. "ಪೂಜಾರಪ್ಪನ್ನ ಕೇಳೋಣ." "ಪೂಜಾರಪ್ಪ ನೆಂಟರ ಮನೆಗೆ ಹೋಗವ್ರೆ." "ಹಂಗಾದ್ರೆ ಬರೋಗಂಟ ಕಾಯೋಣ." ಒಬ್ಬೊಬ್ಬರದು ಒಂದೊಂದು ಮಾತು. ಒಬ್ಬ ಹೆಂಗಸಿನ ಬದುಕು ಒಂದು ಕಾಗದದಷ್ಟು ದೂರದಲ್ಲಿದೆ, ಇವರು ಪೂಜಾರಪ್ಪನ ದಾರಿ ನೋಡುತ್ತಿದ್ದಾರೆ! ಮರಿಯಪ್ಪ ತಲೆ ಚಚ್ಚಿಕೊಂಡ.

ಆಗ ದೊಡ್ಡತಾಯಮ್ಮ ಅಜ್ಜಿ ಜನರನ್ನು ತಳ್ಳಿಕೊಂಡು ಮುಂದೆ ಬಂದಳು. ಪೋಸ್ಟರಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು.

"ಎಲ್ಲೋ ನಿನ್ನ ಆಂಜನೇಯ?"

"ಅಗೋ, ಮೇಲೆ ಮೂಲೇಲಿ ಅಜ್ಜಿ."

"ಅಯ್ಯೋ ನನ್ನಪ್ಪನೇ, ಹೆಬ್ಬೆರಳಷ್ಟಿದ್ದಾನೆ. ಮತ್ತೆ ಈ ಮೊರದಗಲ ಇರೋದು ಯಾರು?"

ಕೆಂಪರಾಜು ತಲೆ ತಗ್ಗಿಸಿದ. "ನಾನು."

"ಆ ಮೂಲೇನ ನೀರು ಹಚ್ಚಿ ಬಿಡಿಸಿ ನನ್ನ ಕೈಗೆ ಕೊಡು. ಕಣ್ಣಿಗೊತ್ತಿಕೊಂಡು ಅರಳಿಮರಕ್ಕೆ ಸಿಕ್ಕಿಸಿ ಬರ್ತೀನಿ. ಉಳಿಯೋದು ನಿನ್ನ ಮುಖ. ಅದನ್ನ ಹರಿಯೋಕೆ ಯಾರಪ್ಪನ ಅಪ್ಪಣೆ ಬೇಕು?"

ಅರಳಿಮರ ಅಲ್ಲೇ ಇತ್ತು. ಪದ್ಧತಿಯೂ ಎಲ್ಲರಿಗೂ ಗೊತ್ತಿತ್ತು. ಇಷ್ಟು ದಿನ ಯಾರಿಗೂ ಅದು ಹೊಳೆದಿರಲಿಲ್ಲ, ಯಾಕೆಂದರೆ ಹೊಳೆಯುವುದು ಯಾರಿಗೂ ಬೇಕಾಗಿರಲಿಲ್ಲ.

ಕೆಂಪರಾಜು ಮೊದಲು ಆಂಜನೇಯನನ್ನು ಬಿಡಿಸಿ ಅಜ್ಜಿಯ ಕೈಗಿತ್ತ. ಆಮೇಲೆ ತನ್ನ ಮುಖಕ್ಕೆ ನೀರು ಎರಚಿ ಉಗುರಿನಿಂದ ಕೆರೆದ. ಗೋಂದು ಗಟ್ಟಿಯಾಗಿತ್ತು. ಚೂರುಚೂರಾಗಿ ಬಂತು. ಕೆಳಗಿನ ಬಿಳಿ ಹಾಳೆ ಕಾಣಿಸಿತು. ಮರಿಯಪ್ಪ ಕನ್ನಡಕ ಏರಿಸಿ ಓದಿದ. ಸಹಾಯಕಿ ಹುದ್ದೆ. ಊರು ಹೊಂಗೆಕಟ್ಟೆ. ಅರ್ಜಿ ಸಲ್ಲಿಸಲು ಕೊನೆಯ ದಿನ ಶನಿವಾರ.

ಅಂದರೆ ನಿನ್ನೆ.

ಯಶೋದ ತಮ್ಮನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಮಗಳನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ಮನೆಗೆ ನಡೆದಳು. ಮಾರನೆಯ ನಸುಕಿನಲ್ಲಿ ಮತ್ತೆ ವ್ಯಾನು ಹತ್ತಿದಳು. ರಾತ್ರಿ ಮನೆಗೆ ಬಂದವಳು ಏನಾದರೂ ಬಂತಾ ಎಂಬ ಆ ಪ್ರಶ್ನೆಯನ್ನು ಕೇಳಲಿಲ್ಲ. ಆಮೇಲೆಂದೂ ಕೇಳಲಿಲ್ಲ.

ಊರಿನ ಯಾವ ಹೆಂಗಸೂ ಅರ್ಜಿ ಹಾಕಿರಲಿಲ್ಲ. ಹಾಕುವುದು ಹೇಗೆ, ಹಾಳೆ ಯಾರಿಗೂ ಕಂಡಿರಲೇ ಇಲ್ಲವಲ್ಲ. ಹುದ್ದೆ ಖಾಲಿ ಉಳಿಯಿತು. ಮತ್ತೆ ಕರೆಯುವವರೆಗೆ ಕಾಯಬೇಕು ಎಂದು ತಾಲ್ಲೂಕಿನಿಂದ ಉತ್ತರ ಬಂತು. ಹಳೆಯ ಸಹಾಯಕಿ ಹೋದ ಮೇಲೆ ಅಂಗನವಾಡಿಯಲ್ಲಿ ಟೀಚರ್ ಒಬ್ಬರೇ. ಪಾಠ ಹೇಳಿದರೆ ಅಡುಗೆಯಿಲ್ಲ, ಅಡುಗೆ ಮಾಡಿದರೆ ಪಾಠವಿಲ್ಲ. ದೊಡ್ಡತಾಯಮ್ಮ ಕೆಂಪರಾಜುವನ್ನು ಕರೆದಳು.

"ಮುಚ್ಚಿದೋನು ನೀನು. ಹೋಗಿ ಒಲೆ ಹಚ್ಚು."

ಕಬಡ್ಡಿ ನಾಯಕ ದಿನಾ ಬೆಳಗ್ಗೆ ಮಕ್ಕಳನ್ನು ಮನೆಮನೆಯಿಂದ ಕರೆತಂದ. ಉಪ್ಪಿಟ್ಟು ಕೆದಕಿದ. ಮೂಗು ಒರೆಸಿದ. ಗೆಳೆಯರು ಬೇಲಿಯಾಚೆ ನಿಂತು "ಸಹಾಯಕಿಯಮ್ಮ, ನಮಗೂ ಒಂದು ಸೌಟು ಹಾಕಮ್ಮ" ಎಂದು ಕೂಗಿ ಓಡುತ್ತಿದ್ದರು. ಇಂಚರ ಮೊದಲ ತುತ್ತಿಗೇ ಮುಖ ಸಿಂಡರಿಸಿದಳು.

"ಮಾವ, ಅವ್ವ ಮಾಡೋ ಉಪ್ಪಿಟ್ಟು ಹಿಂಗಿರಲ್ಲ."

"ಗೊತ್ತು ಕಣವ್ವ," ಎಂದ ಕೆಂಪರಾಜು. "ತಿನ್ನು."

ಮುಂದಿನ ವರ್ಷ ಮತ್ತೆ ಪಂದ್ಯದ ಕಾಲ ಬಂತು. ಒಂದು ನಸುಕಿನಲ್ಲಿ ಕೆಂಪರಾಜು ಪೋಸ್ಟರಿನ ಸುರುಳಿ, ಗೋಂದಿನ ಬಕೆಟ್ಟು ಹಿಡಿದು ಬಸ್ ನಿಲ್ದಾಣಕ್ಕೆ ಬಂದ. ಅಂಗನವಾಡಿಗೆ ಹೋಗುವ ಮೊದಲು ಅಂಟಿಸಿಬಿಡಬೇಕೆಂದು ಅಷ್ಟು ಬೇಗ ಬಂದಿದ್ದ. ಬೋರ್ಡಿನ ತುಂಬ ದೇವರು ಹಾಗೇ ಇದ್ದರು. ಊರು ಒಂದೇ ಏಟಿಗೆ ಬದಲಾಗುತ್ತದೆಯೇ? ಜಾಗ ಇದ್ದದ್ದು ಒಂದೇ ಕಡೆ. ಹಿಂದಿನ ದಿನ ಮರಿಯಪ್ಪ ಅಂಟಿಸಿಹೋದ ಒಂದು ಬಿಳಿ ಹಾಳೆಯ ಮೇಲೆ.

ಕಾರ್ಖಾನೆಯ ವ್ಯಾನು ಬಂದು ನಿಂತಿತ್ತು. ಹೆಂಗಸರೆಲ್ಲ ಹತ್ತಿ ಕೂತಿದ್ದರು. ಡ್ರೈವರು ಹೊರಡುವ ತಯಾರಿಯಲ್ಲಿದ್ದ.

ಕೆಂಪರಾಜು ಬಕೆಟ್ಟನ್ನು ಕೆಳಗಿಟ್ಟ. ವ್ಯಾನಿನ ದೀಪದ ಬೆಳಕಿನಲ್ಲಿ ಹಾಳೆಯನ್ನು ಓದಿದ. ಮೊದಲು ಮನಸ್ಸಿನಲ್ಲಿ ಓದಿದ. ಆಮೇಲೆ ಕಬಡ್ಡಿ ಅಂಕಣದಲ್ಲಿ ಕೂಗುವ ದನಿಯಲ್ಲಿ, ಇಡೀ ಬಸ್ ನಿಲ್ದಾಣಕ್ಕೆ ಕೇಳುವಂತೆ ಓದಿದ.

"ಅಂಗನವಾಡಿ ಸಹಾಯಕಿ ಬೇಕಾಗಿದ್ದಾರೆ! ಊರು ಹೊಂಗೆಕಟ್ಟೆ! ಕೊನೆಯ ದಿನ ಬರೋ ಶನಿವಾರ! ಅಕ್ಕಾ, ಇನ್ನೂ ದಿನ ಇದೆ!"

ವ್ಯಾನಿನ ಕಿಟಕಿಯಲ್ಲಿ ಒಂದು ತಲೆ ಹೊರಬಂತು. ಬಾಗಿಲು ತೆರೆಯಿತು.

ಕೆಂಪರಾಜು ಪೋಸ್ಟರಿನ ಸುರುಳಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಗೋಂದನ್ನು ಅಲ್ಲೇ ಚರಂಡಿಗೆ ಸುರಿದ. ಅಂದು ವ್ಯಾನು ಒಬ್ಬಳನ್ನು ಬಿಟ್ಟು ಹೊರಟಿತು.

ನೀತಿ: ನಮ್ಮ ಸುದ್ದಿಯನ್ನು ಊರಿಗೆ ತೋರಿಸುವ ಮೊದಲು, ಅದರಿಂದ ಯಾರ ಸುದ್ದಿ ಮುಚ್ಚಿಹೋಗುತ್ತದೆ ಎಂದು ನಿಂತು ಓದಬೇಕು. ದೇವರನ್ನು ಮುಂದಿಟ್ಟುಕೊಂಡು ಮುಚ್ಚಿದರೂ ಮುಚ್ಚಿದ್ದು ಮುಚ್ಚಿದ್ದೇ. ಕೆಳಗಿರುವುದು ನಮ್ಮ ಮನೆಯವರ ಅನ್ನವೇ ಇರಬಹುದು. ಬೇರೆಯವರದಾದರೂ ಅದು ಅನ್ನವೇ.