ಕೇತನ ಹರಿಗೋಲು

ಬಹಳ ಹಿಂದೆ, ನಮ್ಮ ಅಜ್ಜಂದಿರ ಅಜ್ಜಂದಿರೂ ಹುಟ್ಟಿರದ ಕಾಲದಲ್ಲಿ, ಈ ಹೊಳೆಯಾಚೆಯ ಬೆಟ್ಟದಲ್ಲಿ ಬೇಲದಪೋಡು ಅಂತ ಸೋಲಿಗರ ಒಂದು ಹಟ್ಟಿ ಇತ್ತಂತೆ. ಅಲ್ಲಿ ಕೇತ ಅಂತ ಒಬ್ಬ ಹರಿಗೋಲಿನವನು. ಅವನು ಹುಟ್ಟು ಹಾಕಿದರೆ ಮೀನಿಗೂ ಎಚ್ಚರ ಆಗುತ್ತಿರಲಿಲ್ಲವಂತೆ.

ಒಂದು ಬೇಸಗೆ ಸರ್ಕಾರದವರು ಬಂದರು. ಕಾಡಿನ ಮರವೆಲ್ಲ ಇನ್ನು ಸರ್ಕಾರದ್ದು, ನೀವು ಬಯಲಿಗೆ ಇಳಿಯಿರಿ, ಮನೆ ಕೊಡುತ್ತೇವೆ, ನೆಲ ಕೊಡುತ್ತೇವೆ ಅಂದರಂತೆ. ಜನ ಒಲ್ಲೆವೆಂದರು. ಗುಡಿಸಲುಗಳಿಗೆ ಬೆಂಕಿ ಬಿತ್ತು. ಬೇರೆಯವರು ಹುಟ್ಟು ಹಾಕಿದರೆ ಮಕ್ಕಳು ಮುಳುಗಿಯಾವು ಅಂತ ಹೆದರಿ, ಕೇತ ತನ್ನವರನ್ನೆಲ್ಲ ತಾನೇ ದಾಟಿಸಿದನಂತೆ. ಸರ್ಕಾರದವರ ಕೆಲಸ ಮಾಡಿಕೊಟ್ಟನಲ್ಲ ಅಂತ ಹರಿಗೋಲಿನಲ್ಲಿ ಯಾರೂ ಅವನ ಮುಖ ನೋಡಲಿಲ್ಲವಂತೆ.

ಬಯಲಲ್ಲಿ ಮನೆಯೂ ಇಲ್ಲ, ನೆಲವೂ ಇಲ್ಲ. ಜೌಗು, ಸೊಳ್ಳೆ, ಚಳಿಜ್ವರ. ಮೊದಲು ಮುದುಕರು ಹೋದರು, ಆಮೇಲೆ ಕೂಸುಗಳು. ಸತ್ತವರನ್ನು ಬೆಟ್ಟದಲ್ಲಿ ಹಿರಿಯರ ಪಕ್ಕ ಹೂಳದಿದ್ದರೆ ಜೀವ ಅಲೆಯುತ್ತದೆ ಅಂತ ಅವರ ನಂಬಿಕೆ. ದಡದಲ್ಲೋ ಕೋವಿಯ ಕಾವಲು. ಕೇತ ಕಾವಲಿನವರ ಜಮಾದಾರನ ಕಾಲಿಗೆ ಬಿದ್ದ. ಹೆಣ ಬೇಕಾದರೆ ಹೋಗಲಿ, ನೀನೊಬ್ಬ ಹೂತು ಬಾ, ಬದುಕಿರುವವರು ಇನ್ಯಾರೂ ಆ ಬೆಟ್ಟ ಹತ್ತಕೂಡದು ಅಂದನಂತೆ ಜಮಾದಾರ.

ಹಾಗೆ ಕೇತ ಹೆಣ ದಾಟಿಸಿದ. ತನ್ನ ತಾಯಿಯನ್ನು ದಾಟಿಸಿದ. ತನ್ನ ಒಬ್ಬನೇ ಮಗನನ್ನು ದಾಟಿಸಿದ. ಮನೆಯಲ್ಲಿ ಉಳಿದವಳು ಸೊಸೆ ಕುಂಬಿ, ತುಂಬು ಬಸುರಿ. ಅವಳಿಗೂ ಜ್ವರ ಏರಿತು.

"ಮಾವ, ನಾ ಸಾಯೋಕೆ ಮುಂಚೇನೇ ನನ್ನ ಬೆಟ್ಟಕ್ಕೆ ಕರ್ಕೊಂಡ್ ಹೋಗು" ಅಂದಳಂತೆ.

ಕೇತ ಅವಳನ್ನು ಕಂಬಳಿಯಲ್ಲಿ ಹೆಣದ ಹಾಗೆ ಸುತ್ತಿ, ಮಟಮಟ ಮಧ್ಯಾಹ್ನ, ಕಾವಲಿನವರ ಕಣ್ಣೆದುರೇ ಹೊತ್ತು ತಂದು ಹರಿಗೋಲಿನಲ್ಲಿ ಮಲಗಿಸಿದ. ನಡುಹೊಳೆಯಲ್ಲಿ ಅವಳಿಗೆ ಕೆಮ್ಮು ಬಂತು. ಕಂಬಳಿ ಅಲ್ಲಾಡಿತು.

"ನಿಲ್ಲಿಸೋ!" ಅಂತ ದಡದಿಂದ ಕೂಗು.

ಕೇತ ನಿಲ್ಲಿಸಲಿಲ್ಲ. ಕುಂಬಿಗೆ ಅಡ್ಡವಾಗಿ ಎದ್ದು ನಿಂತು, ಕೋವಿಗಳಿಗೆ ಬೆನ್ನು ಕೊಟ್ಟು ಹುಟ್ಟು ಹಾಕಿದನಂತೆ. ಗುಂಡು ಬಿತ್ತು. ಇನ್ನೊಂದು ಬಿತ್ತು. ಹರಿಗೋಲು ಮಾತ್ರ ಆಚೆ ದಡ ಮುಟ್ಟಿತಂತೆ. ಜೀವ ಹೋದ ಮೇಲೂ ಅವನ ಕೈ ಹುಟ್ಟು ಹಾಕುತ್ತಲೇ ಇತ್ತು ಅನ್ನುವವರಿದ್ದಾರೆ.

ಅವನಿಗೆ ಗುಂಡಿ ತೋಡಿದವಳು ಆ ಬಸುರಿಯೇ, ಬರಿಗೈಯಲ್ಲಿ. ಅವಳು ಕಾಡಿನೊಳಗೆ ಹೋದಳು, ಗಂಡುಕೂಸು ಹೆತ್ತಳು ಅಂತಾರೆ. ಕೂಸಿನ ಅಳು ಕೇಳಿದೆವು ಅಂದವರುಂಟು, ಕಂಡೆವು ಅಂದವರಿಲ್ಲ. ಬಯಲಲ್ಲಿ ಉಳಿದವರು ಅಲ್ಲೇ ಮಣ್ಣಾದರು.

ಈಗಲೂ ಈ ಹೊಳೆಯಲ್ಲಿ ಹೆಣ ದಾಟಿಸುವಾಗ, ಮನೆಯವರೊಬ್ಬರು ಅದರ ಪಕ್ಕ ಕಂಬಳಿ ಹೊದ್ದು ಮಲಗುತ್ತಾರೆ. ಹರಿಗೋಲಿನವನು ನಿಂತೇ ಹುಟ್ಟು ಹಾಕುತ್ತಾನೆ. ಆಚೆ ದಡ ಮುಟ್ಟಿದ ಮೇಲೆ, ಕಂಬಳಿ ಹೊದ್ದು ಮಲಗಿದ್ದವರು ಎದ್ದು ಮೊದಲು ಇಳಿಯಬೇಕು. ಹೆಣ ಆಮೇಲೆ.